ಬೆಕ್ಕಿನ ಹರ್ಪಿಸ್ ನೆಗಡಿ: ಮನೆಯಲ್ಲಿ ಮೂಗು, ಊಟ, ಕಣ್ಣು ನೋಡಿಕೊಳ್ಳುವ ಬಗೆ

ನೆಗಡಿ ಹಿಡಿದ ಬೆಕ್ಕು ಊಟದ ಬಟ್ಟಲಿನ ಮುಂದೆ ನಿಂತಾಗ ಒಮ್ಮೆ ಹತ್ತಿರ ಕೂತು ನೋಡಿ. ಹಸಿವಿರುತ್ತದೆ, ಇಲ್ಲದಿದ್ದರೆ ಅಲ್ಲಿಯವರೆಗೆ ಎದ್ದು ಬರುತ್ತಿರಲಿಲ್ಲ. ತಲೆ ತಗ್ಗಿಸಿ ಮೂಸುತ್ತದೆ. ಮೂಗಿನ ಹೊಳ್ಳೆಯಲ್ಲಿ ಒಂದು ಗುಳ್ಳೆ ಉಬ್ಬಿ ಒಡೆಯುತ್ತದೆ. ಇನ್ನೊಮ್ಮೆ ಮೂಸುತ್ತದೆ. ಬಟ್ಟಲಲ್ಲಿರುವುದು ಊಟವೋ ಮಣ್ಣೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಮುಖ ತಿರುಗಿಸಿ, ಮೂಲೆಗೆ ಹೋಗಿ, ಕಾಲು ಮಡಚಿ, ಕಣ್ಣು ಅರೆಮುಚ್ಚಿ ಕೂತುಬಿಡುತ್ತದೆ.

ನೋಡುವವರು ‘ಪಾಪ, ಊಟ ಸೇರುತ್ತಿಲ್ಲ, ಹುಷಾರಾದ ಮೇಲೆ ತಿನ್ನುತ್ತೆ ಬಿಡು’ ಅಂದುಕೊಳ್ಳುತ್ತೇವೆ. ಬೆಕ್ಕಿನ ವಿಷಯದಲ್ಲಿ ಈ ಲೆಕ್ಕ ತಿರುಗುಮುರುಗು. ತಿಂದರೆ ಹುಷಾರಾಗುತ್ತದೆ, ಮೂಗು ಬಿಟ್ಟರೆ ತಿನ್ನುತ್ತದೆ. ಬೆಳೆದ, ಗಟ್ಟಿಮುಟ್ಟಾದ ಬೆಕ್ಕನ್ನು ಹರ್ಪಿಸ್ ವೈರಸ್ ತಾನಾಗಿ ಕೊಲ್ಲುವುದು ಅಪರೂಪ. ಅದರ ಜೊತೆ ಬರುವ ಉಪವಾಸ, ಒಣಗಿದ ಮೈ, ಯಾರೂ ಗಮನಿಸದೆ ಬಿಟ್ಟ ಕಣ್ಣಿನ ಹುಣ್ಣು, ಇವೇ ಹೆಚ್ಚು ಹಾನಿ ಮಾಡುವುದು. ಈ ಮೂರನ್ನೂ ತಡೆಯುವ ಕೆಲಸದ ಬಹುಪಾಲು ಆಸ್ಪತ್ರೆಯಲ್ಲಿ ಆಗುವಂಥದ್ದಲ್ಲ, ಮನೆಯಲ್ಲಿ, ನಮ್ಮ ಕೈಯಿಂದ ಆಗಬೇಕಾದದ್ದು.

ಯಾವ ನೆಗಡಿ ಇದು?

ಬೆಕ್ಕುಗಳಿಗೆ ಬರುವ ಮೂಗು ಗಂಟಲಿನ ಸೋಂಕುಗಳಲ್ಲಿ ಹೆಚ್ಚಿನವು ಎರಡು ವೈರಸ್‌ಗಳಿಂದ: ಒಂದು ಹರ್ಪಿಸ್, ಇನ್ನೊಂದು ಕ್ಯಾಲಿಸಿ. ಹರ್ಪಿಸ್‌ನ ಪೂರ್ತಿ ಹೆಸರು ಫೆಲೈನ್ ಹರ್ಪಿಸ್ ವೈರಸ್-1. ಲಸಿಕೆಯ ಪುಸ್ತಕದಲ್ಲಿ ‘ರೈನೋಟ್ರೇಕಿಯೈಟಿಸ್’ ಎಂದು ಬರೆದಿರುತ್ತದಲ್ಲ, ಅದು ಇದರಿಂದ ಬರುವ ಕಾಯಿಲೆ. 1958ರಲ್ಲಿ ಅಮೆರಿಕದಲ್ಲಿ ಇದನ್ನು ಮೊದಲ ಬಾರಿಗೆ ಬೇರ್ಪಡಿಸಿ ಗುರುತಿಸಿದರು. ಮನುಷ್ಯರ ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್‌ಗೆ ಇದು ದಾಯಾದಿ, ಆದರೆ ಬೆಕ್ಕಿನದು ನಮಗೆ ಅಂಟುವುದಿಲ್ಲ, ನಾಯಿಗೂ ಅಂಟುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಂದು ಬೆಕ್ಕನ್ನು ಹೊರಗಿಡುವ ಅಗತ್ಯವಿಲ್ಲ.

ಸೋಂಕು ತಗುಲಿದ 2ರಿಂದ 6 ದಿನಗಳಲ್ಲಿ ಸೀನು ಶುರುವಾಗುತ್ತದೆ. ಒಂದೆರಡಲ್ಲ, ಸಾಲಾಗಿ ಏಳೆಂಟು. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಮೂಗಿನಲ್ಲಿ ಮೊದಲು ನೀರಿನಂಥ ಸಿಂಬಳ, ಎರಡು ಮೂರು ದಿನಕ್ಕೆ ಅದು ಗಟ್ಟಿಯಾಗಿ ಹಳದಿಗೆ ತಿರುಗುತ್ತದೆ. ಜ್ವರ ಬರುತ್ತದೆ, ಮಂಕು ಕವಿಯುತ್ತದೆ. ಕಣ್ಣಿನ ತೊಂದರೆ ಎದ್ದು ಕಂಡರೆ ಹರ್ಪಿಸ್ ಮೇಲೆ ಅನುಮಾನ ಹೆಚ್ಚು. ನಾಲಿಗೆಯ ಮೇಲೆ ಹುಣ್ಣಾಗಿ ಜೊಲ್ಲು ಸುರಿದರೆ ಕ್ಯಾಲಿಸಿ ಮೇಲೆ. ಒಂದೇ ಬೆಕ್ಕಿಗೆ ಎರಡೂ ಇರಬಹುದು. ಮನೆಯ ಆರೈಕೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಯಾವುದೆಂದು ತಲೆ ಕೆಡಿಸಿಕೊಂಡು ಮೊದಲ ದಿನವನ್ನು ಕಳೆಯಬೇಡಿ.

ಒಂದು ಎಚ್ಚರಿಕೆ ಮಾತ್ರ. ಎಂಟು ಹತ್ತು ವರ್ಷ ದಾಟಿದ ಬೆಕ್ಕಿಗೆ, ಹಿಂದೆಂದೂ ನೆಗಡಿಯಾಗದೆ, ಈಗ ಒಂದೇ ಹೊಳ್ಳೆಯಿಂದ ಸಿಂಬಳವೋ ರಕ್ತವೋ ಬರುತ್ತಿದ್ದರೆ ಅದನ್ನು ಹರ್ಪಿಸ್ ಎಂದು ಸುಮ್ಮನಾಗಬೇಡಿ. ಹಲ್ಲಿನ ಬೇರಿನ ಕೀವು, ಮೂಗಿನೊಳಗಿನ ಗಡ್ಡೆ, ಒಳಗೆ ಸಿಕ್ಕಿಕೊಂಡ ಹುಲ್ಲಿನ ಎಳೆ, ಹೀಗೆ ಬೇರೆ ಕಾರಣಗಳಿರಬಹುದು.

ಮೊದಲ ಹೆಜ್ಜೆ: ಮನೆಯಲ್ಲಿಟ್ಟುಕೊಳ್ಳಬಹುದೇ ಎಂದು ತೀರ್ಮಾನಿಸಿ

ಬೆಕ್ಕು ಸೀನುತ್ತಿದ್ದರೂ ಓಡಾಡುತ್ತಿದೆ, ಸ್ವಲ್ಪವಾದರೂ ತಿನ್ನುತ್ತಿದೆ, ಎರಡೂ ಕಣ್ಣು ಪೂರ್ತಿ ತೆರೆದಿವೆ ಎಂದಾದರೆ ಮನೆಯ ಆರೈಕೆ ಶುರುಮಾಡಿ, ವೈದ್ಯರಿಗೆ ಫೋನಿನಲ್ಲಿ ತಿಳಿಸಿದರೆ ಸಾಕು. ಆದರೆ ಕೆಳಗಿನವುಗಳಲ್ಲಿ ಒಂದು ಕಂಡರೂ ಅಂದೇ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ:

- ಬಾಯಿ ತೆರೆದು ಉಸಿರಾಡುವುದು. ಇದಕ್ಕೆ ಬೆಳಗಾಗುವವರೆಗೆ ಕಾಯುವಂತಿಲ್ಲ, ಕೂಡಲೇ ಹೊರಡಿ.
- ಮಲಗಿರುವಾಗ ನಿಮಿಷಕ್ಕೆ 40ಕ್ಕಿಂತ ಹೆಚ್ಚು ಉಸಿರು. ಆರೋಗ್ಯವಾಗಿರುವ ಬೆಕ್ಕು ನಿದ್ದೆಯಲ್ಲಿ ಸಾಮಾನ್ಯವಾಗಿ 15ರಿಂದ 30 ಬಾರಿ ಉಸಿರಾಡುತ್ತದೆ.
- ದೊಡ್ಡ ಬೆಕ್ಕು 24 ಗಂಟೆ ಏನನ್ನೂ ತಿನ್ನದಿರುವುದು. ಮರಿಯಾದರೆ ಎರಡು ಊಟ ಬಿಟ್ಟರೂ ಸಾಕು.
- ಒಂದು ಕಣ್ಣನ್ನು ಕಿರಿದು ಮಾಡಿ ಹಿಡಿದಿರುವುದು, ಕಣ್ಣಿನ ಮೇಲೆ ನೀಲಿಮಿಶ್ರಿತ ಮಬ್ಬು ಕಾಣುವುದು.
- ಒಸಡು ಮುಟ್ಟಿದರೆ ಅಂಟಂಟಾಗಿರುವುದು ಅಥವಾ ಬಿಳಿಚಿಕೊಂಡಿರುವುದು, ಎತ್ತಿದರೆ ಮೈ ಜೋತುಬೀಳುವುದು.

ಎರಡು ತಿಂಗಳೊಳಗಿನ ಮರಿ, ಗಬ್ಬದ ಬೆಕ್ಕು, ರಕ್ತಪರೀಕ್ಷೆಯಲ್ಲಿ ಎಫ್‌ಐವಿ ಅಥವಾ ಎಫ್‌ಇಎಲ್‌ವಿ (ರೋಗನಿರೋಧಕ ಶಕ್ತಿ ಕುಗ್ಗಿಸುವ ಎರಡು ವೈರಸ್‌ಗಳು) ಇದೆ ಎಂದು ಗೊತ್ತಾಗಿರುವ ಬೆಕ್ಕು, ಇವುಗಳಿಗೆ ಈ ಪಟ್ಟಿಯೂ ಬೇಡ. ಸೀನು ಶುರುವಾದ ದಿನವೇ ತೋರಿಸಿ. ಚಿಕ್ಕ ಮರಿಗಳಲ್ಲಿ ಬೆಳಿಗ್ಗೆಯ ಸೀನು ಸಂಜೆಗೆ ನ್ಯುಮೋನಿಯಾಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಎರಡನೇ ಹೆಜ್ಜೆ: ಮೂಗು ತೆರೆಸಿ

ಬೆಕ್ಕನ್ನು ಒಂದು ಸಣ್ಣ ಕೋಣೆಗೆ ಸೇರಿಸಿ. ಗಾಳಿಯ ಹೊಡೆತವಿರಬಾರದು, ಬೆಚ್ಚಗಿರಬೇಕು, ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಇರಬೇಕು.

ಹಬೆ ಕೊಡುವುದು ಹೀಗೆ. ಬಾತ್‌ರೂಮಿನ ಕಿಟಕಿ ಬಾಗಿಲು ಮುಚ್ಚಿ, ಬಿಸಿನೀರು ಬಿಟ್ಟು ಕನ್ನಡಿ ಮಬ್ಬಾಗುವಷ್ಟು ಹಬೆ ತುಂಬಿಸಿ. ನೀರು ನಿಲ್ಲಿಸಿ, ಆಮೇಲೆ ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋಗಿ ಹತ್ತು ಹದಿನೈದು ನಿಮಿಷ ಸುಮ್ಮನೆ ಕೂತಿರಿ. ದಿನಕ್ಕೆ ಎರಡು ಮೂರು ಸಲ. ಬೆಕ್ಕು ಒಳಗಿರುವಾಗ ಬಾಗಿಲಾಚೆ ಹೋಗಬೇಡಿ. ಬಿಸಿನೀರಿನ ಪಾತ್ರೆಯ ಮೇಲೆ ಅದರ ಮುಖ ಹಿಡಿಯುವುದಂತೂ ಬೇಡವೇ ಬೇಡ. ಗಾಬರಿಯಾದ ಬೆಕ್ಕು ಒಂದು ನೆಗೆತಕ್ಕೆ ಪಾತ್ರೆ ಉರುಳಿಸುತ್ತದೆ, ಇಬ್ಬರಿಗೂ ಸುಡುತ್ತದೆ. ಉಸಿರಿಗೇ ಕಷ್ಟಪಡುತ್ತಿರುವ ಬೆಕ್ಕಿಗೆ ಹಬೆ ಕೊಡುತ್ತಾ ಹೊತ್ತು ಕಳೆಯಬೇಡಿ. ಅದು ಆಸ್ಪತ್ರೆಗೆ ಹೋಗಬೇಕಾದ ಬೆಕ್ಕು.

ಮನೆಯಲ್ಲಿ ನೆಬ್ಯುಲೈಸರ್ (ದ್ರವವನ್ನು ಮಂಜಾಗಿಸುವ ಯಂತ್ರ) ಇದ್ದರೆ ಇನ್ನೂ ಒಳ್ಳೆಯದು. ಬೆಕ್ಕನ್ನು ಕ್ಯಾರಿಯರಿನಲ್ಲಿ ಕೂರಿಸಿ, ಮೇಲೆ ತೆಳುವಾದ ಟವೆಲ್ ಹೊದಿಸಿ, ಒಂದು ಬದಿ ತೆರೆದಿಟ್ಟು, ಬರೀ ಸಲೈನ್ (ಶುದ್ಧ ಉಪ್ಪುನೀರಿನ ದ್ರಾವಣ) ಹಾಕಿ ಮಂಜು ಬಿಡಿ. ಮುಖಕ್ಕೆ ಮಾಸ್ಕ್ ಒತ್ತುವುದು ಬೇಕಿಲ್ಲ. ಹಬೆಯ ನೀರಿಗಾಗಲಿ ನೆಬ್ಯುಲೈಸರಿಗಾಗಲಿ ನೀಲಗಿರಿ ಎಣ್ಣೆ, ಕರ್ಪೂರ, ಮೆಂಥಾಲ್, ಎದೆಗೆ ಹಚ್ಚುವ ಮುಲಾಮು, ಯಾವುದನ್ನೂ ಸೇರಿಸಬೇಡಿ. ನಮಗೆ ಹಿತವಾಗುವ ಈ ಘಾಟಿನ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಅವು ಅದಕ್ಕೆ ವಿಷ.

ಹಬೆಯಾದ ಮೇಲೆ ಬೆಕ್ಕು ಜೋರಾಗಿ ಸೀನಿದರೆ ಖುಷಿಪಡಿ, ಕಟ್ಟಿದ್ದು ಸಡಿಲವಾಗಿದೆ ಎಂದರ್ಥ. ಈಗ ಒರೆಸುವ ಸಮಯ. ಟವೆಲಿನಲ್ಲಿ ಕುತ್ತಿಗೆಯವರೆಗೆ ಸುತ್ತಿ, ನಿಮ್ಮ ಕಡೆಗೆ ಬೆನ್ನು ಬರುವಂತೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ಎದುರಿನಿಂದ ಕೈ ಚಾಚಿದರೆ ಹೆದರುತ್ತದೆ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅಥವಾ ಸಲೈನ್‌ನಲ್ಲಿ ಹತ್ತಿ ಅದ್ದಿ, ಮೂಗಿನ ಮೇಲಿನ ಒಣಗಿದ ಹಕ್ಕಳೆಯ ಮೇಲೆ ಅರ್ಧ ನಿಮಿಷ ಹಾಗೇ ಇಟ್ಟಿರಿ. ಅದು ನೆನೆದು ತಾನಾಗಿ ಹತ್ತಿಗೆ ಅಂಟಿಕೊಂಡು ಬರಬೇಕು. ಉಗುರಿನಿಂದ ಕಿತ್ತರೆ ಅಡಿಯ ಚರ್ಮವೂ ಕಿತ್ತು ಬರುತ್ತದೆ. ಮಾರನೆಯ ದಿನ ಅಲ್ಲಿ ಇನ್ನೂ ದಪ್ಪದ ಹಕ್ಕಳೆ ಕಟ್ಟಿರುತ್ತದೆ, ಮುಖ ಮುಟ್ಟಲೂ ಬಿಡುವುದಿಲ್ಲ.

ಮೂಗು ತೀರಾ ಕಟ್ಟಿದ್ದರೆ ಔಷಧವಿಲ್ಲದ ಬರೀ ಸಲೈನ್ ಡ್ರಾಪ್ಸ್ ಒಂದೊಂದು ಹೊಳ್ಳೆಗೆ ಒಂದೊಂದು ಹನಿ ಬಿಡಬಹುದು. ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ ಬಿಟ್ಟು ಬೇರೆ ಔಷಧದ ಹೆಸರಿದ್ದರೆ ಅದನ್ನು ವೈದ್ಯರು ಹೇಳದೆ ಮುಟ್ಟಬೇಡಿ. ನಮ್ಮ ಮೂಗು ಕಟ್ಟಿದಾಗ ಹಾಕಿಕೊಳ್ಳುವ ಆಕ್ಸಿಮೆಟಜೋಲಿನ್‌ನಂಥ ಸ್ಪ್ರೇಗಳು ಬೆಕ್ಕಿನ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರುಪೇರು ಮಾಡುತ್ತವೆ.

ಮೂರನೇ ಹೆಜ್ಜೆ: ಉಣ್ಣಿಸಿ

ಹಬೆ, ಒರೆಸುವುದು, ಊಟ. ಈ ಕ್ರಮ ತಪ್ಪಬಾರದು. ಮೂಗು ಬಿಟ್ಟ ಮೇಲಿನ ಹತ್ತು ನಿಮಿಷದಲ್ಲಿ ಬಟ್ಟಲು ಮುಂದಿಟ್ಟರೆ ತಿನ್ನುವ ಬೆಕ್ಕು, ಒಂದು ಗಂಟೆ ಬಿಟ್ಟು ಇಟ್ಟರೆ ತಿನ್ನದೇ ಹೋಗಬಹುದು, ಅಷ್ಟರಲ್ಲಿ ಮೂಗು ಮತ್ತೆ ಕಟ್ಟಿರುತ್ತದೆ. ಹಬೆಗೆ ಹೋಗುವ ಮೊದಲೇ ಊಟ ಸಿದ್ಧ ಮಾಡಿಟ್ಟುಕೊಳ್ಳಿ.

ಒದ್ದೆ ಆಹಾರವನ್ನು 37-38 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಮುಂಗೈ ಒಳಭಾಗಕ್ಕೆ ಮುಟ್ಟಿಸಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸುವಷ್ಟು ಬೆಚ್ಚಗೆ ಮಾಡಿ. ಬೆಚ್ಚಗಾದಂತೆ ವಾಸನೆ ಏಳುತ್ತದೆ. ಮೈಕ್ರೋವೇವ್‌ನಲ್ಲಿ ಕಾಯಿಸಿದರೆ ಚೆನ್ನಾಗಿ ಕಲಸಿ, ನಡುವೆ ಎಲ್ಲೋ ಒಂದು ತುತ್ತು ಸುಡುವಂತಿರುತ್ತದೆ. ಮೀನಿನಂಥ ಗಾಢ ವಾಸನೆಯದ್ದು ಹೆಚ್ಚು ಕೆಲಸ ಮಾಡುತ್ತದೆ. ಈ ವಾರ ‘ಪೌಷ್ಟಿಕ, ಸಮತೋಲನ’ ಎಂದೆಲ್ಲ ಯೋಚಿಸಬೇಡಿ, ತಿನ್ನುವುದನ್ನು ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಸೇರಿದ್ದನ್ನು ಮಾತ್ರ ಬಿಟ್ಟು. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಆಳದ ಬಟ್ಟಲು ಬೇಡ, ಚಪ್ಪಟೆ ತಟ್ಟೆಯಲ್ಲಿ ಒಂದೆರಡು ಚಮಚದಷ್ಟೇ ಇಡಿ. ಪಕ್ಕದಲ್ಲಿ ಕೂತು ತಲೆ ಸವರಿ, ಮೆಲ್ಲಗೆ ಮಾತಾಡಿಸಿ. ಕೆಲವು ಬೆಕ್ಕುಗಳು ಬೆರಳ ತುದಿಯಿಂದ ನೆಕ್ಕಲು ಶುರುಮಾಡಿ ಆಮೇಲೆ ತಟ್ಟೆಗೆ ಬಾಯಿ ಹಾಕುತ್ತವೆ. ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ತಟ್ಟೆ ತೆಗೆದುಬಿಡಿ. ತಿನ್ನಲಾಗದ ಊಟ ದಿನವಿಡೀ ಮೂಗಿನ ಮುಂದೆ ಬಿದ್ದಿದ್ದರೆ ಅದರ ಮೇಲೆ ಅಸಹ್ಯ ಹುಟ್ಟಿ, ಹುಷಾರಾದ ಮೇಲೂ ಅದನ್ನು ಮುಟ್ಟದ ಬೆಕ್ಕುಗಳಿವೆ.

ಎಷ್ಟು ತಿನ್ನಬೇಕು? ಸುಮ್ಮನೆ ಮಲಗಿರುವ 4 ಕೆಜಿ ತೂಕದ ಬೆಕ್ಕಿಗೂ ದಿನಕ್ಕೆ ಸುಮಾರು 200 ಕಿಲೋ ಕ್ಯಾಲೊರಿ ಬೇಕು. ಆಹಾರದ ಪೊಟ್ಟಣದ ಮೇಲೆ ಅದರಲ್ಲಿ ಎಷ್ಟಿದೆ ಎಂದು ಬರೆದಿರುತ್ತದೆ. ‘ಬೆಳಿಗ್ಗೆ ಸ್ವಲ್ಪ ನೆಕ್ಕಿತು’ ಎಂಬ ಸಮಾಧಾನಕ್ಕಿಂತ ಆ ಲೆಕ್ಕ ಮೇಲು. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನಲ್ಲಿ, ಅದರಲ್ಲೂ ದಪ್ಪಗಿರುವ ಬೆಕ್ಕಿನಲ್ಲಿ, ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗಿ ತುಂಬಿಕೊಳ್ಳುತ್ತದೆ. ಹೆಪಾಟಿಕ್ ಲಿಪಿಡೋಸಿಸ್ ಎನ್ನುವ ಆ ಸ್ಥಿತಿ ನೆಗಡಿಗಿಂತ ಎಷ್ಟೋ ಪಾಲು ಅಪಾಯದ್ದು. 24 ಗಂಟೆಯ ಗಡಿ ಹಾಕಿರುವುದು ಇದಕ್ಕೇ.

ಸಿರಿಂಜಿನಿಂದ ಒತ್ತಾಯ ಮಾಡಿ ಉಣ್ಣಿಸುವುದನ್ನು ನಾನು ಒಪ್ಪುವುದಿಲ್ಲ. ಮೂಗು ಕಟ್ಟಿದ ಬೆಕ್ಕು ಉಸಿರಿಗೆ ಬಾಯನ್ನೇ ನಂಬಿರುತ್ತದೆ. ಅದೇ ಬಾಯಿಗೆ ಊಟ ತುಂಬಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಸಂಭವ ಹೆಚ್ಚು. ವೈದ್ಯರೇ ಕೈಹಿಡಿದು ತೋರಿಸಿಕೊಟ್ಟು, ಮಾಡಿ ಎಂದರೆ ಮಾತ್ರ ಮಾಡಿ. ಅದಕ್ಕಿಂತ ಹಸಿವು ಹೆಚ್ಚಿಸುವ ಮಿರ್ಟಜಪಿನ್‌ನಂಥ ಔಷಧದ ಬಗ್ಗೆ ಕೇಳಿ. ಕಿವಿಯ ಒಳಮೈಗೆ ಸವರುವ ಮುಲಾಮಿನ ರೂಪದಲ್ಲೂ ಅದು ಬರುತ್ತದೆ, ಸವರುವಾಗ ನೀವು ಕೈಗವಸು ಹಾಕಿರಬೇಕು. ಕುತ್ತಿಗೆಯ ಬಳಿ ಊಟದ ನಳಿಗೆ ಹಾಕೋಣ ಎಂದು ವೈದ್ಯರು ಹೇಳಿದರೆ ‘ಅಯ್ಯೋ ಅಷ್ಟಕ್ಕೆ ಬಂತೇ’ ಎಂದು ಹೆದರಬೇಡಿ. ನಳಿಗೆ ಇಟ್ಟುಕೊಂಡೇ ಬೆಕ್ಕು ಓಡಾಡುತ್ತದೆ, ಮೂಗು ಬಿಟ್ಟ ಮೇಲೆ ಬಾಯಿಂದಲೂ ತಿನ್ನುತ್ತದೆ.

ನೀರಿನ ವಿಷಯ ಸುಲಭ. ಬೆಕ್ಕಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 40ರಿಂದ 60 ಮಿಲಿ ನೀರು ಬೇಕು. ಒದ್ದೆ ಆಹಾರದಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಅದನ್ನು ತಿಂದರೆ ಅರ್ಧ ಚಿಂತೆ ಕಳೆಯಿತು. ಇನ್ನೊಂದು ಚಮಚ ಬಿಸಿನೀರು ಬೆರೆಸಿ ಗಂಜಿಯಂತೆ ಮಾಡಿ. ಮೈ ಒಣಗಿದ್ದರೆ ಸಿಂಬಳವೂ ಒಣಗಿ ಗೋಂದಿನಂತಾಗುತ್ತದೆ, ಎಷ್ಟು ಹಬೆ ಕೊಟ್ಟರೂ ಸಡಿಲವಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ಕಣ್ಣು ಕಾಯಿರಿ

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ನಮ್ಮ ಹೆಣ್ಣುಬೆಕ್ಕಿಗೆ ಎರಡನೇ ವರ್ಷದಲ್ಲಿ ನೆಗಡಿಯಾದಾಗ ಎಡಗಣ್ಣನ್ನು ಸ್ವಲ್ಪ ಕಿರಿದು ಮಾಡಿ ನೋಡುತ್ತಿತ್ತು. ಗೀಜು ಕಟ್ಟಿದ್ದಕ್ಕೆ ಹಾಗೆ ಮಾಡುತ್ತಿದೆ ಎಂದು ಎರಡು ದಿನ ಒರೆಸುತ್ತಾ ಕಾದೆ. ಮೂರನೇ ದಿನ ವೈದ್ಯರು ಫ್ಲೋರೆಸಿನ್ ಎಂಬ ಬಣ್ಣದ ಹನಿ ಬಿಟ್ಟು, ದೀಪ ಆರಿಸಿ, ನೀಲಿ ಬೆಳಕು ಹಿಡಿದರು. ಕಣ್ಣುಗುಡ್ಡೆಯ ಮೇಲೆ ಎಲೆ ಉದುರಿದ ಮರದ ಕೊಂಬೆಗಳಂತೆ ಕವಲೊಡೆದ ಹಸಿರು ಗೆರೆಗಳು ಹೊಳೆದವು. ಅದು ಹರ್ಪಿಸ್ ಹುಣ್ಣು. ಕವಲಿನ ಆಕಾರದ ಈ ಹುಣ್ಣು ಕಂಡರೆ ಹರ್ಪಿಸ್ ಎಂದು ಹೇಳಲು ಬೇರೆ ಪರೀಕ್ಷೆಯೇ ಬೇಡ ಎಂದರು. ವಾಸಿಯಾಯಿತು, ಆದರೆ ಒಂದು ತೆಳು ಮಚ್ಚೆ ಇವತ್ತಿಗೂ ಉಳಿದಿದೆ. ಗೀಜಿನಿಂದ ಕಣ್ಣು ಅಂಟುತ್ತದೆ, ನೋವಿದ್ದರೆ ಕಣ್ಣು ಕಿರಿದಾಗುತ್ತದೆ. ಗೀಜು ಒರೆಸಿದ ಮೇಲೂ ಕಣ್ಣು ಪೂರ್ತಿ ತೆರೆಯದಿದ್ದರೆ ಅಂದೇ ತೋರಿಸಿ.

ಒರೆಸುವಾಗ ಮೂಗಿನ ಪಕ್ಕದ ಮೂಲೆಯಿಂದ ಹೊರಗಡೆಗೆ ಒಂದೇ ಎಳೆತ. ಒಂದು ಕಣ್ಣಿಗೆ ಮುಟ್ಟಿಸಿದ ಹತ್ತಿಯನ್ನು ಇನ್ನೊಂದಕ್ಕೆ ಮುಟ್ಟಿಸಬೇಡಿ, ಅದೇ ಕಣ್ಣಿಗೂ ಎರಡನೇ ಸಲಕ್ಕೆ ಹೊಸದು. ಎಳೆ ಬಿಡುವ ಬಟ್ಟೆ ಬೇಡ. ವೈದ್ಯರು ಎರಡು ಬಗೆಯ ಡ್ರಾಪ್ಸ್ ಕೊಟ್ಟಿದ್ದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಿ. ಮುಲಾಮೂ ಇದ್ದರೆ ಅದು ಕೊನೆಗೆ. ಬಾಟಲಿಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು. ಬೆಕ್ಕು ಕಾಲಿನಿಂದ ಕಣ್ಣು ಉಜ್ಜುತ್ತಿದ್ದರೆ ಕುತ್ತಿಗೆಗೆ ಕೋನ್ (ಕಾಲು ಮುಖಕ್ಕೆ ತಲುಪದಂತೆ ತಡೆಯುವ ಆಲಿಕೆಯಾಕಾರದ ಪಟ್ಟಿ) ಹಾಕಿ, ಊಟಕ್ಕೆ ಮಾತ್ರ ಬಿಚ್ಚಿ.

ಮನೆಯಲ್ಲಿ ಉಳಿದಿರುವ ಹಳೆಯ ಕಣ್ಣಿನ ಡ್ರಾಪ್ಸ್ ಯಾವುದನ್ನೂ ಹಾಕಬೇಡಿ. ಅವುಗಳಲ್ಲಿ ಎಷ್ಟೋ ಬಾರಿ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಕೆಂಪು ಒಂದು ದಿನಕ್ಕೆ ಇಳಿಯುತ್ತದೆ, ಒಳಗೆ ಹುಣ್ಣು ಆಳವಾಗುತ್ತಾ ಹೋಗುತ್ತದೆ.

ಮರಿಗಳ ಕಣ್ಣು ಅಂಟಿದ್ದರೆ ನೆನೆಸಿ ಮೆಲ್ಲಗೆ ಬಿಡಿಸಿ, ದಿನಕ್ಕೆ ನಾಲ್ಕೈದು ಸಲ ಬೇಕಾಗಬಹುದು. ಇನ್ನೂ ಕಣ್ಣೇ ಬಿಡದ ಹಸುಗೂಸು ಮರಿಗಳ ರೆಪ್ಪೆ ಒಳಗಿನಿಂದ ಉಬ್ಬಿದ್ದರೆ ಅಡಿಯಲ್ಲಿ ಕೀವು ತುಂಬಿದೆ ಎಂದು ತಿಳಿಯಿರಿ. ಅದನ್ನು ಮನೆಯಲ್ಲಿ ಬಿಡಿಸಲು ಹೋಗದೆ ಅಂದೇ ವೈದ್ಯರಿಗೆ ತೋರಿಸಿ. ತಡವಾದರೆ ರೆಪ್ಪೆಯ ಒಳಪೊರೆ ಕಣ್ಣುಗುಡ್ಡೆಗೆ ಅಂಟಿಕೊಂಡು ಜೀವನಪೂರ್ತಿ ಹಾಗೇ ಉಳಿಯುತ್ತದೆ.

ಔಷಧ: ಯಾವುದು ಕೊಡಬಹುದು, ಯಾವುದು ಕೂಡದು

ಹರ್ಪಿಸ್‌ಗೆ ನೇರವಾಗಿ ತಾಗುವ, ಬೆಕ್ಕುಗಳಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದ, ಬಾಯಿಗೆ ಕೊಡುವ ಔಷಧ ಫಾಮ್‌ಸಿಕ್ಲೋವಿರ್. ಜೋರಾದ ನೆಗಡಿಗೆ, ಕಣ್ಣಿನ ಹುಣ್ಣಿಗೆ ವೈದ್ಯರು ಇದನ್ನು ಬರೆಯುತ್ತಾರೆ. ಪ್ರಮಾಣ ಬೆಕ್ಕಿನ ತೂಕದ ಮೇಲೆ, ಮೂತ್ರಪಿಂಡದ ಸ್ಥಿತಿಯ ಮೇಲೆ ನಿಲ್ಲುತ್ತದೆ, ಆದ್ದರಿಂದ ಅದನ್ನು ಅವರೇ ಹೇಳಬೇಕು. ಹೆಸರು ಕೇಳಲು ಒಂದೇ ಥರ ಇದೆಯೆಂದು ಮನೆಯಲ್ಲಿರುವ ವಾಲಾಸಿಕ್ಲೋವಿರ್ ಕೊಟ್ಟರೆ ಬೆಕ್ಕಿನ ಮೂಳೆಮಜ್ಜೆ, ಯಕೃತ್ತು, ಮೂತ್ರಪಿಂಡ ಮೂರೂ ಕೆಡುತ್ತವೆ, ಸಾಯುತ್ತದೆ. ಇದನ್ನು ಎರಡು ಸಲ ಓದಿಕೊಳ್ಳಿ.

ಜ್ವರಕ್ಕೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಅರ್ಧ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೇನ್, ಆಸ್ಪಿರಿನ್, ನಮ್ಮ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್, ಒಂದೂ ಬೇಡ.

ಆ್ಯಂಟಿಬಯಾಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ವೈರಸ್ ಕೆಡಿಸಿದ ಮೂಗಿನೊಳಗೆ ಆಮೇಲೆ ಸೇರಿಕೊಳ್ಳುವ ಬ್ಯಾಕ್ಟೀರಿಯಾಗಳಿಗೆ ಅದು. ಬೆಕ್ಕು ಜ್ವರವಿಲ್ಲದೆ, ತಿಂದುಕೊಂಡು, ಓಡಾಡಿಕೊಂಡು ಇದ್ದರೆ ಮೊದಲ ಹತ್ತು ದಿನ ಆ್ಯಂಟಿಬಯಾಟಿಕ್ ಇಲ್ಲದೆ ಕಾಯುವುದು ಸರಿಯಾದ ಕ್ರಮ. ವೈದ್ಯರು ಹಾಗೆ ಹೇಳಿದರೆ ಔಷಧ ಕೊಡಲಿಲ್ಲವೆಂದು ಬೇಸರಪಡಬೇಡಿ. ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ದರೆ ಅದನ್ನು ಒಣಗಂಟಲಿಗೆ ಹಾಕಿ ಬಿಡಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಟ್ಟು ನಾಳ ಕಿರಿದಾಗುತ್ತದೆ. ಮಾತ್ರೆಯ ಹಿಂದೆಯೇ ಐದಾರು ಮಿಲಿ ನೀರು ಮೆಲ್ಲಗೆ ಬಾಯಿಯ ಪಕ್ಕದಿಂದ ಬಿಡಿ, ಇಲ್ಲವೇ ಒಂದು ತುತ್ತು ಊಟ ಕೊಡಿ.

ಇನ್ನು ಲೈಸಿನ್ ಎಂಬ ಅಮೈನೋ ಆಮ್ಲ. ಎಲ್-ಲೈಸಿನ್ ಪುಡಿ, ಪೇಸ್ಟ್ ಕೊಟ್ಟರೆ ಹರ್ಪಿಸ್ ಅಡಗುತ್ತದೆ ಎಂಬ ನಂಬಿಕೆ ಬೆಕ್ಕು ಸಾಕುವವರಲ್ಲಿ ಬಲವಾಗಿದೆ. ನಾನೂ ಕೊಟ್ಟಿದ್ದೇನೆ. ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿನೋಡಿದ 2015ರ ಪರಾಮರ್ಶೆಯೊಂದು ಬೆಕ್ಕುಗಳಲ್ಲಿ ಲೈಸಿನ್ ಈ ಸೋಂಕನ್ನು ತಡೆಯುವುದೂ ಇಲ್ಲ, ಗುಣಪಡಿಸುವುದೂ ಇಲ್ಲ ಎಂದು ತೀರ್ಮಾನಿಸಿ, ಕೊಡುವುದನ್ನೇ ನಿಲ್ಲಿಸಿ ಎಂದಿತು. ಕೆಲವು ಅಧ್ಯಯನಗಳಲ್ಲಿ ಲೈಸಿನ್ ತಿಂದ ಬೆಕ್ಕುಗಳ ಸ್ಥಿತಿ ಇನ್ನೂ ಕೆಟ್ಟದ್ದಿತ್ತು. ಆ ದುಡ್ಡಿಗೆ ಅದಕ್ಕೆ ಇಷ್ಟವಾದ ಒದ್ದೆ ಆಹಾರ ತನ್ನಿ.

ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ

ಸೀನಿದ ಹನಿ ಒಂದು, ಒಂದೂವರೆ ಮೀಟರ್ ದೂರ ಹಾರುತ್ತದೆ. ಅದಕ್ಕಿಂತ ಹೆಚ್ಚಾಗಿ ಸೋಂಕು ಹರಡುವುದು ನಮ್ಮ ಕೈ, ಅಂಗಿ, ಹಂಚಿಕೊಂಡ ಬಟ್ಟಲುಗಳಿಂದ. ಸೀನುವ ಬೆಕ್ಕನ್ನು ಎರಡು ವಾರವಾದರೂ ಬೇರೆ ಕೋಣೆಯಲ್ಲಿಡಿ. ಅದರ ಬಟ್ಟಲು, ಹಾಸಿಗೆ, ಲಿಟರ್ ಟ್ರೇ ಬೇರೆ. ಆರೋಗ್ಯವಾಗಿರುವ ಬೆಕ್ಕುಗಳ ಕೆಲಸ ಮೊದಲು ಮುಗಿಸಿ, ಕಾಯಿಲೆಯ ಬೆಕ್ಕಿನದು ಕೊನೆಗೆ. ಹೊರಬಂದ ಮೇಲೆ ಕೈ ತೊಳೆದು ಅಂಗಿ ಬದಲಿಸಿ. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಜೊತೆಗಾರ ಬೆಕ್ಕಿಗೆ ಆಗಲೇ ತಗುಲಿರಬಹುದು, ಅದರ ಮೇಲೂ ಒಂದು ವಾರ ಕಣ್ಣಿಟ್ಟಿರಿ.

ಸಮಾಧಾನದ ಸಂಗತಿಯೆಂದರೆ ಹರ್ಪಿಸ್ ವೈರಸ್ ಬೆಕ್ಕಿನ ಮೈಯಿಂದ ಹೊರಗೆ ಹೆಚ್ಚು ಹೊತ್ತು ಬಾಳುವುದಿಲ್ಲ. ಒದ್ದೆ ಜಾಗದಲ್ಲಿ ಹೆಚ್ಚೆಂದರೆ 18 ಗಂಟೆ, ಒಣ ಜಾಗದಲ್ಲಿ ಇನ್ನೂ ಕಡಿಮೆ. ಸೋಪು, ಬಿಸಿನೀರಿಗೇ ಸಾಯುತ್ತದೆ. ಕ್ಯಾಲಿಸಿ ಹಾಗಲ್ಲ, ವಾರಗಟ್ಟಲೆ ಉಳಿಯುತ್ತದೆ. ಯಾವುದೆಂದು ಗೊತ್ತಿಲ್ಲದಿದ್ದರೆ ಮೊದಲು ಸೋಪಿನಿಂದ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ಬ್ಲೀಚಿಗೆ ಬೇರೆ ಯಾವ ಕ್ಲೀನರ್ ಕೂಡ ಬೆರೆಸಬಾರದು. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಫಿನಾಯಿಲ್ ಜಾತಿಯ ದ್ರವಗಳು ಬೆಕ್ಕಿನ ಮನೆಗೆ ಬೇಡ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿಯೇ ಬೆಕ್ಕು ವಿಷ ಸೇವಿಸುತ್ತದೆ.

ಒಂದು ಪುಸ್ತಕದಲ್ಲಿ ಬರೆದಿಡಿ

ದಿನಾ ಬೆಳಿಗ್ಗೆ ತೂಕ, ನಿದ್ದೆಯಲ್ಲಿ ನಿಮಿಷಕ್ಕೆ ಉಸಿರು, ಎಷ್ಟು ತಿಂದಿತು, ಮೂತ್ರ ಮಾಡಿತೇ, ಎರಡೂ ಕಣ್ಣು ಹೇಗಿವೆ. ಐದು ಸಾಲು ಸಾಕು. ಮರಿಯನ್ನು ಅಡುಗೆಮನೆಯ ತಕ್ಕಡಿಯಲ್ಲೇ ತೂಗಬಹುದು. ಬೆಳೆಯುವ ಮರಿ ವಾರಕ್ಕೆ ಸುಮಾರು 100 ಗ್ರಾಂ ಏರಬೇಕು, ಒಂದು ದಿನ ತೂಕ ಇಳಿದರೂ ವೈದ್ಯರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ನಾಲ್ಕೈದನೇ ದಿನ ಕಾಯಿಲೆ ಜೋರಾಗಿರುತ್ತದೆ, ಆಮೇಲೆ ಇಳಿಮುಖ, ಹತ್ತರಿಂದ ಹದಿನಾಲ್ಕು ದಿನಕ್ಕೆ ತಿಳಿಯಾಗುತ್ತದೆ. ಮೂರು ವಾರ ದಾಟಿದರೂ ಸಿಂಬಳ ನಿಲ್ಲದಿದ್ದರೆ ಮತ್ತೆ ತೋರಿಸಿ. ಕೆಲವು ಬೆಕ್ಕುಗಳಲ್ಲಿ ಮೂಗಿನೊಳಗಿನ ಸುರುಳಿಯಂಥ ತೆಳು ಮೂಳೆಗಳೇ ಸವೆದುಹೋಗಿ, ಗೊರಗೊರ ಸದ್ದು ಜೀವಮಾನದ ಸಂಗಾತಿಯಾಗುತ್ತದೆ. ಅಂಥವಕ್ಕೆ ಹಬೆಯೂ ಬೆಚ್ಚಗಿನ ಊಟವೂ ದಿನಚರಿಯ ಭಾಗವಾಗಬೇಕು, ಅಷ್ಟರಿಂದಲೇ ಅವು ವರ್ಷಗಟ್ಟಲೆ ನೆಮ್ಮದಿಯಾಗಿ ಬದುಕುತ್ತವೆ.

ಮತ್ತೆ ಬರುತ್ತದೆ, ಯಾವಾಗ ಎಂದು ತಿಳಿದಿರಿ

ಸೀನು ನಿಂತಿತೆಂದರೆ ವೈರಸ್ ಹೋಯಿತು ಎಂದಲ್ಲ. ಮುಖದ ನರಗಳ ಗಂಟಿನೊಳಗೆ ಸೇರಿ ಸದ್ದಿಲ್ಲದೆ ಮಲಗಿರುತ್ತದೆ. ಸೋಂಕು ತಗುಲಿದ ಬೆಕ್ಕುಗಳಲ್ಲಿ ಸುಮಾರು 80 ಶೇಕಡಾ ಹೀಗೆ ಅದನ್ನು ಬದುಕಿನುದ್ದಕ್ಕೂ ಹೊತ್ತಿರುತ್ತವೆ. ಮನೆ ಬದಲಾವಣೆ, ಹೊಸ ಬೆಕ್ಕು, ಬೇರೆಡೆ ಬಿಟ್ಟುಹೋಗುವುದು, ಹೆರಿಗೆ ಮತ್ತು ಮೊಲೆಯುಣಿಸುವ ದಿನಗಳು, ಸ್ಟೀರಾಯ್ಡ್ ಔಷಧ, ಇವು ಅದನ್ನು ಎಬ್ಬಿಸುತ್ತವೆ. ತಾಯಿ ಬೆಕ್ಕು ಚೆನ್ನಾಗಿಯೇ ಕಾಣುತ್ತಿದ್ದು, ಮರಿಗಳಿಗೆ ಮಾತ್ರ ನೆಗಡಿ ಬರುವುದು ಈ ಕಾರಣಕ್ಕೆ. ಬೇರೆ ಕಾಯಿಲೆಗೆಂದು ಹೊಸ ವೈದ್ಯರ ಹತ್ತಿರ ಹೋದಾಗ ‘ಇದಕ್ಕೆ ಹರ್ಪಿಸ್ ಆಗಿತ್ತು’ ಎಂದು ಮೊದಲೇ ಹೇಳಿ, ಸ್ಟೀರಾಯ್ಡ್ ಬರೆಯುವ ಮುನ್ನ ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಲಸಿಕೆ ಸೋಂಕನ್ನೇ ತಡೆಯುವುದಿಲ್ಲ, ಆದರೆ ಕಾಯಿಲೆಯ ಹೊಡೆತವನ್ನು ಬಹಳ ತಗ್ಗಿಸುತ್ತದೆ. ಮರಿಗೆ 6ರಿಂದ 8 ವಾರವಾದಾಗ ಮೊದಲನೆಯದು, ಆಮೇಲೆ 3-4 ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಅಥವಾ ಇನ್ನೂ ಸ್ವಲ್ಪ ಮುಂದಕ್ಕೆ, ಆರು ತಿಂಗಳಿಗೋ ವರ್ಷಕ್ಕೋ ಇನ್ನೊಂದು. ಅದರ ನಂತರದ ಅಂತರವನ್ನು ಬೆಕ್ಕಿನ ಜೀವನಕ್ರಮ ನೋಡಿ ವೈದ್ಯರು ಹೇಳುತ್ತಾರೆ.

ಮಲಗಿದ್ದ ವೈರಸ್ ಎದ್ದು ಹೊರಬೀಳುವುದು ಗಾಬರಿಯಾದ ದಿನವೇ ಅಲ್ಲ, ಅದಾಗಿ 4ರಿಂದ 12 ದಿನಗಳ ನಂತರ. ಹೊರಬೀಳುವುದು ಒಂದೆರಡು ವಾರ ನಡೆಯುತ್ತದೆ. ಇದು ಗೊತ್ತಿದ್ದರೆ ಬಹಳ ಅನುಕೂಲ. ಮನೆಯಲ್ಲಿ ಕೆಲಸಗಾರರು ಬಂದು ಗೋಡೆ ಒಡೆದ ದಿನ, ನೆಂಟರು ಮಕ್ಕಳೊಂದಿಗೆ ಬಂದಿಳಿದ ದಿನ, ನಾನು ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕುತ್ತೇನೆ. ಬೆಕ್ಕಿಗೆ ಅದರ ಪೆಟ್ಟಿಗೆಯನ್ನು ಒಳಕೋಣೆಯ ಮೂಲೆಯಲ್ಲಿಟ್ಟು, ಊಟದ ಹೊತ್ತು ಒಂದು ನಿಮಿಷವೂ ಹಿಂದೆಮುಂದೆ ಆಗದಂತೆ ನೋಡಿಕೊಳ್ಳುತ್ತೇನೆ. ನಾಲ್ಕನೇ ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅದರ ಎಡಗಣ್ಣು ನೋಡುವುದು. ಮೂಲೆಯಲ್ಲಿ ಒಂದು ಹನಿ ನೀರು ನಿಂತಿದ್ದರೆ ಸಾಕು, ಹತ್ತಿ ತೆಗೆದಿಟ್ಟು, ಊಟ ಬೆಚ್ಚಗೆ ಮಾಡಿ, ಬಾತ್‌ರೂಮಿನ ಕಿಟಕಿ ಮುಚ್ಚುತ್ತೇನೆ.